ಹೊಸ ಕಂಪ್ಯೂಟರು ಬಂತು, ವರನ ಅರ್ಕಾವೊತ್ತು ಹೋಯ್ತು!

ಶಾಮನೂರು: "ಹೋದ ಸಲದ ಕಾರ್ಡೇ ಐತಲ್ರೀ, ಹೆಸರು, ತಾರೀಖು ಬದಲಿಸಿ ಕೊಟ್ಬಿಡ್ರಿ. ಅರ್ಧ ಗಂಟೆ ಕೆಲಸ."

ಡಿಟಿಪಿ ಅಂಗಡಿಯ ಟೇಬಲ್ಲಿಗೆ ಮೊಣಕೈ ಊರಿ ಗಿರಾಕಿಗಳು ಹೇಳುವ ಮಾತಿದು. ಅಂದು ಅಕ್ಕನ ಮದುವೆ, ಇಂದು ತಮ್ಮನದು. ಫೈಲೇನೋ ಇದೆ. ಆದರೆ ಹಳೆ ಕಂಪ್ಯೂಟರು ಕೈಕೊಟ್ಟು ಹೊಸದು ಬಂದಿದೆ. ಫೈಲು ತೆರೆದರೆ 'ಕ' ಇದ್ದಲ್ಲಿ ಇಂಗ್ಲಿಷಿನ 'ಪಿ', 'ನ' ಇದ್ದಲ್ಲಿ ಬ್ರಿಟನ್ನಿನ ಪೌಂಡ್ ಗುರುತು! "ಇದೇನ್ರೀ, ಮಾಟ ಗೀಟ ಮಾಡ್ಸ್ಯಾರಾ?" ಎಂದು ಗಿರಾಕಿ ಬೆಚ್ಚಿದರೆ ಆಶ್ಚರ್ಯವೇನು?

ಮಾಟವಲ್ಲ. ಹಳೆ ನುಡಿ ಫಾಂಟುಗಳ ಗುಟ್ಟೇ ಅದು. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಅಂಗಿ ತೊಡಿಸಿದ್ದರು. ಫಾಂಟು ಇರುವ ತನಕ ಕನ್ನಡ, ಅಂಗಿ ಬಿಚ್ಚಿದರೆ ಪರದೇಶಿ. ಯೂನಿಕೋಡ್ ಎಂಬ ವ್ಯವಸ್ಥೆ 1991ರ ಮೊದಲ ಆವೃತ್ತಿಯಲ್ಲೇ ಕನ್ನಡದ ಅಕ್ಷರಗಳಿಗೆ ಸ್ವಂತ ನಂಬರು ಕೊಟ್ಟಿತು. ಆದರೆ ಅಚ್ಚಿನ ಮಂದಿ ನೆಚ್ಚಿದ್ದ ಪೇಜ್‌ಮೇಕರಿಗೆ ಅದು ಒಗ್ಗಲೇ ಇಲ್ಲ. 2001ರಲ್ಲಿ ಬಂದ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಅದೇ ಕಂಪನಿಯ ಇನ್‌ಡಿಸೈನ್, 2012ರ ಸಿಎಸ್6 ತನಕ ಪೇಜ್‌ಮೇಕರ್ ಫೈಲು ತೆರೆಯುತ್ತಿತ್ತು. 2013ರ ಸಿಸಿ ಬಂದ ಮೇಲೆ ಆ ಬಾಗಿಲೂ ಬಂದ್.

ಅಂಗಡಿಯವನ ಆಸ್ತಿ ಎಂದರೆ ಕಂಪ್ಯೂಟರಲ್ಲ, ವರ್ಷಗಟ್ಟಲೆ ಕೂತು ಕಟ್ಟಿದ ಫೈಲುಗಳು. ಮಂಡಿಪೇಟೆಯ ಬಿಲ್ ಬುಕ್ಕು, ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಕರಪತ್ರ, ಹರಿಹರದವರ ಗೃಹಪ್ರವೇಶದ ಕಾರ್ಡು, ಎಲ್ಲ ಅದರಲ್ಲೇ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಬಿಲ್ಲಿನ ತಲೆಬರಹ ತಿದ್ದಿ ಪಾರಾಗಲು ನೆರವಾದದ್ದೂ ಕಾಪಿಟ್ಟ ಫೈಲೇ. ಅದು ತೆರೆಯದಿದ್ದರೆ ಮೊದಲಿನಿಂದ ಬೆರಳಚ್ಚು. ಆ ಕೂಲಿ ಕೊಡುವವರು ಯಾರು?

ಪರಿವರ್ತಕ ತಂತ್ರಾಂಶಗಳಿವೆ, ಪುಕ್ಕಟೆಯೂ ಸಿಗುತ್ತವೆ. ಆದರೆ ಕಣ್ಣುಮುಚ್ಚಿ ನಂಬಿದರೆ ಕೆಟ್ಟಿರಿ. ವರನ ಹೆಸರು ಕಾರ್ತಿಕ್ ಎಂದಿರಲಿ. ಹಳೆ ಫೈಲಿನಲ್ಲಿ ಕಾಣುವ ಹಾಗೆ 'ತಿ' ಮೊದಲು, ಅರ್ಕಾವೊತ್ತು ಆಮೇಲೆ. ಯೂನಿಕೋಡಿನಲ್ಲಿ ಉಚ್ಚರಿಸುವ ಹಾಗೆ 'ರ್' ಮೊದಲು, 'ತಿ' ಆಮೇಲೆ. ಈ ಅದಲುಬದಲಿನಲ್ಲಿ ಪರಿವರ್ತಕ ಎಡವಿತೋ, ಕಾರ್ತಿಕ್ ಹೋಗಿ ಕಾತಿಕ್! ನಡುವೆ ಇಂಗ್ಲಿಷಿನಲ್ಲಿದ್ದ ಇ-ಮೇಲ್ ವಿಳಾಸವನ್ನೂ ಅದು ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡೀತು. ಕನ್ನಡ ಅಂಕಿಯ ಫಾಂಟಿನಲ್ಲಿದ್ದ ಮುಹೂರ್ತದ ತಾರೀಖು ಇಂಗ್ಲಿಷ್ ಅಂಕಿಗೆ ತಿರುಗೀತು. ಶ್ರೀಲಿಪಿಯ ಫೈಲಿಗೆ ನುಡಿಯ ಪರಿವರ್ತಕ ಹಚ್ಚಿದರಂತೂ ದೇವರೇ ಗತಿ. ಎರಡರ ಸಂಕೇತ ಬೇರೆ ಬೇರೆ.

ಹಾಗಾದರೆ ದಾರಿ? ಹಳೆ ಕಂಪ್ಯೂಟರು ಇನ್ನೂ ಉಸಿರಾಡುತ್ತಿದ್ದರೆ ಗುಜರಿಗೆ ಹಾಕುವ ಅವಸರ ಬೇಡ. ಮೊದಲು ಫೈಲು, ಫಾಂಟು ಎರಡನ್ನೂ ನಕಲು ಮಾಡಿ ಬೇರೆ ಕಡೆ ಇಡಬೇಕು. ಮೂಲ ಫೈಲಿಗೆ ಕೈಹಚ್ಚಕೂಡದು. ಪ್ರತಿ ಕೆಲಸವನ್ನೂ ಹಳೆಯದರಲ್ಲೇ ಒಮ್ಮೆ ಪ್ರಿಂಟು ತೆಗೆದು, ಪರಿವರ್ತಿಸಿದ್ದನ್ನು ಪಕ್ಕಕ್ಕಿಟ್ಟು ಸಾಲು ಸಾಲು ಹೋಲಿಸಬೇಕು. ಹೊಸ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಬೇಕು, ಇಲ್ಲವಾದರೆ ಒತ್ತಕ್ಷರ ಬಿಡಿಬಿಡಿ. ದಿನಕ್ಕೆ ನಾಲ್ಕು ಫೈಲಾದರೂ ಸಾಕು, ಸೀಸನ್ನು ಬರುವ ಮುಂಚೆ ಮುಗಿಸಬಹುದು. ಒಂದು ಸಮಾಧಾನ: ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಯೂನಿಕೋಡಿನಲ್ಲೂ ಉಳಿದಿದೆ. ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ.

ಗಿರಾಕಿಗಳಿಗೂ ಒಂದು ಮಾತು. "ಹಳೇದೇ ತಾನೆ" ಎಂದು ಕರಡು ನೋಡದೆ ಸಹಿ ಹಾಕಬೇಡಿ. ಐನೂರು ಕಾರ್ಡು ಅಚ್ಚಾಗಿ ಊರೆಲ್ಲ ಹಂಚಿದ ಮೇಲೆ, ಬೀಗರ ಮನೆಯವರು "ನಮ್ಮ ಅಳಿಯನ ಹೆಸರು ಕಾತಿಕ್ಕಾ?" ಎಂದು ಕೇಳಿದರೆ ಉತ್ತರ ಹೇಳಬೇಕಾದವರು ನೀವು, ಕಂಪ್ಯೂಟರಲ್ಲ!