ಮರಳಿ ಓದುವ ಯಂತ್ರ

ಗಣಕಯಂತ್ರಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳಿಂದಾದ ಯಂತ್ರಭಾಷೆ. ಆದುದರಿಂದ ಮನುಷ್ಯನು ‘ಸಿ’ ಮೊದಲಾದ ಭಾಷೆಗಳಲ್ಲಿ ಬರೆದ ಆದೇಶಗಳನ್ನು ಯಂತ್ರಭಾಷೆಗೆ ಪರಿವರ್ತಿಸಬೇಕಾಗುತ್ತದೆ. ಈ ಕಾರ್ಯವನ್ನು ಮಾಡುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಯಂತ್ರಭಾಷೆಯಲ್ಲಿರುವುದನ್ನು ಮನುಷ್ಯನು ಓದಬಲ್ಲ ರೂಪಕ್ಕೆ ಮರಳಿ ತರುವ ಸಾಧನವೇ ಡಿಕಂಪೈಲರ್.

ಮೂಲ ಬರಹ ಕಳೆದುಹೋದಾಗ ಈ ಸಾಧನವು ಬೇಕಾಗುತ್ತದೆ. ಗಣಕಯಂತ್ರಗಳಿಗೆ ಹಾನಿಮಾಡುವ ವೈರಸ್ಸಿನ ಒಳಗುಟ್ಟನ್ನು ತಿಳಿಯಲೂ ತಜ್ಞರು ಇದನ್ನೇ ಆಶ್ರಯಿಸುತ್ತಾರೆ. 1994ರಲ್ಲಿ ಕ್ರಿಸ್ಟಿನಾ ಸಿಫುಯೆಂಟಿಸ್ ಎಂಬ ವಿದುಷಿ ಆಸ್ಟ್ರೇಲಿಯದಲ್ಲಿ ಈ ವಿಷಯವನ್ನು ಕುರಿತು ಮಹಾಪ್ರಬಂಧವನ್ನು ರಚಿಸಿದರು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ‘ಗಿಡ್ರಾ’ ಎಂಬ ಸಾಧನವನ್ನು ಮೂಲ ಬರಹ ಸಹಿತ ಎಲ್ಲರಿಗೂ ಉಚಿತವಾಗಿ ನೀಡಿತು. ಅದರಲ್ಲಿಯ ಡಿಕಂಪೈಲರಿನ ದೋಷವನ್ನು ಈಗ ಯಾರು ಬೇಕಾದರೂ ಹುಡುಕಿ ತಿದ್ದಬಹುದು.

ಸಾರಿನ ರುಚಿ ನೋಡಿ ಅದಕ್ಕೆ ಏನೇನು ಹಾಕಿದೆ ಎಂದು ಹೇಳುವುದು ಸುಲಭವೆ? ಡಿಕಂಪೈಲರಿನ ಕೆಲಸವೂ ಹಾಗೆಯೇ. ಮೂಲದಲ್ಲಿದ್ದ ಟಿಪ್ಪಣಿಗಳು ಯಂತ್ರಭಾಷೆಯಲ್ಲಿ ಉಳಿಯುವುದಿಲ್ಲ. ಹೆಸರುಗಳೂ ಬಹುಮಟ್ಟಿಗೆ ಅಳಿದುಹೋಗುತ್ತವೆ. ಉಳಿದುದನ್ನು ಸಾಧನವು ಊಹಿಸಬೇಕು. ಊಹೆಯು ತಪ್ಪಿದಲ್ಲಿ ದೋಷವು ನುಸುಳುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. 11001000 ಎಂಬ ಎಂಟು ಅಂಕೆಗಳನ್ನು ಚಿಹ್ನೆಯಿಲ್ಲದ ಸಂಖ್ಯೆಯೆಂದು ಓದಿದರೆ 200 ಆಗುತ್ತದೆ. ಚಿಹ್ನೆಯುಳ್ಳ ಸಂಖ್ಯೆಯೆಂದು ಓದಿದರೆ -56 ಆಗುತ್ತದೆ. ‘ಇದು 100ಕ್ಕಿಂತ ದೊಡ್ಡದೆ?’ ಎಂಬ ಪ್ರಶ್ನೆಗೆ ಮೊದಲನೆಯದು ‘ಹೌದು’ ಎನ್ನುತ್ತದೆ, ಎರಡನೆಯದು ‘ಅಲ್ಲ’ ಎನ್ನುತ್ತದೆ. ಸಾಧನವು ಇವೆರಡನ್ನು ಅದಲುಬದಲು ಮಾಡಿದರೂ ಅದು ಬರೆದ ಸಾಲು ಅಚ್ಚುಕಟ್ಟಾಗಿಯೇ ತೋರುತ್ತದೆ. ಅದನ್ನು ನಂಬಿದ ತಜ್ಞನು ಅಪಾಯಕಾರಿಯಾದುದನ್ನು ನಿರಪಾಯವೆಂದು ಭಾವಿಸಿಬಿಡಬಹುದು.

ಇಂತಹ ದೋಷವನ್ನು ತಿದ್ದುವ ಕ್ರಮವೊಂದುಂಟು. ಮೊದಲು, ದೋಷವು ಕಾಣಿಸಿಕೊಳ್ಳುವ ಅತಿ ಚಿಕ್ಕ ಮಾದರಿಯನ್ನು ಸಿದ್ಧಪಡಿಸಬೇಕು. ಬಳಿಕ ಯಂತ್ರಭಾಷೆಯ ಆದೇಶಗಳೊಡನೆ ಫಲಿತಾಂಶವನ್ನು ಸಾಲುಸಾಲಾಗಿ ಹೋಲಿಸಿ, ಯಾವ ಹಂತದಲ್ಲಿ ಅರ್ಥ ಕೆಟ್ಟಿತೆಂಬುದನ್ನು ಗುರುತಿಸಬೇಕು. ತಿದ್ದಿದ ಮೇಲೆ ಹಳೆಯ ಮಾದರಿಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಏಕೆಂದರೆ ಒಂದು ತಪ್ಪನ್ನು ಸರಿಪಡಿಸಲು ಹೋಗಿ ಮತ್ತೊಂದನ್ನು ತಂದುಕೊಳ್ಳುವ ಸಂಭವವಿದೆ. ಹೊಸ ಮಾದರಿಯನ್ನೂ ಅವುಗಳೊಡನೆ ಕಾದಿರಿಸಿದರೆ ಅದೇ ದೋಷವು ಮುಂದೆ ಮರುಕಳಿಸಿದಾಗ ಒಡನೆಯೇ ತಿಳಿಯುತ್ತದೆ.

ತೆರೆಯ ಮೇಲಿನ ದೋಷಗಳನ್ನೂ ಅಲ್ಪವೆಂದು ಕಡೆಗಣಿಸಲಾಗದು. ಗಿಡ್ರಾದ ತೆರೆಯಲ್ಲಿ ಯಂತ್ರದ ಆದೇಶಗಳೂ ಅವುಗಳಿಂದ ಮರಳಿ ಪಡೆದ ಬರಹವೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಬರಹದ ಒಂದು ಸಾಲನ್ನು ಆರಿಸಿದಾಗ ಅದಕ್ಕೆ ಸಂಬಂಧಿಸಿದ ಆದೇಶವೇ ಎದ್ದು ಕಾಣಬೇಕು. ಬೇರೊಂದು ಆದೇಶವು ತೋರಿದರೆ, ಬರಹವು ಸರಿಯಿದ್ದರೂ ಓದುಗನು ದಾರಿ ತಪ್ಪುತ್ತಾನೆ.

ಅರ್ಥವಾಗದ ಬರಹವು ಓದುಗನನ್ನು ಎಚ್ಚರಿಸುತ್ತದೆ. ಸರಾಗವಾಗಿ ಓದಿಸಿಕೊಳ್ಳುವ ತಪ್ಪು ಅವನನ್ನು ಮೈಮರೆಸುತ್ತದೆ. ಆದುದರಿಂದಲೇ ಬಲ್ಲವರು ಡಿಕಂಪೈಲರಿನ ಮಾತನ್ನು ಕೇಳಿದರೂ ಮೂಲದ ಆದೇಶಗಳೊಡನೆ ತಾಳೆ ನೋಡದೆ ನಂಬುವುದಿಲ್ಲ.