ಸೂರ್ಯನ ಕಲೆ ಎಣಿಸಿ ಮಾಗಿಯ ಚಳಿ ಹೇಳಬಹುದೇ?

ಪ್ರಶ್ನೆ: ಸೂರ್ಯನ ಮೇಲಿನ ಕಲೆಗಳ ಲೆಕ್ಕ ಇಟ್ಟರೆ ಬರುವ ಮಾಗಿಯ ಚಳಿ ಎಷ್ಟಿರುತ್ತದೆಂದು ಈಗಲೇ ಹೇಳಬಹುದೇ?
– ಓದುಗರೊಬ್ಬರು, ಮಿರ್ಲೆ, ಮೈಸೂರು ಜಿಲ್ಲೆ

ಉತ್ತರ: ಚಳಿಯ ಮಟ್ಟಿಗೆ, ಇಲ್ಲ. ಆದರೆ ನಿಮ್ಮ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. 1876–78ರ ಬರಗಾಲ ಮೈಸೂರು ಸೀಮೆಯನ್ನು ನುಂಗುತ್ತಿದ್ದಾಗ, ಸುಮಾರು 11 ವರ್ಷಕ್ಕೊಮ್ಮೆ ಏರಿಳಿಯುವ ಸೌರಕಲೆಗಳಿಗೂ ದಕ್ಷಿಣ ಭಾರತದ ಬರಕ್ಕೂ ನಂಟಿದೆಯೆಂದು ಬ್ರಿಟಿಷ್ ಅಧಿಕಾರಿ ವಿಲಿಯಂ ಹಂಟರ್ ವಾದಿಸಿದರು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಮಳೆಯ ಹಳೆಯ ಅಂಕಿಗಳನ್ನಿಟ್ಟು ತಾಳೆ ನೋಡಿದರು. ನಂಟು ತೀರಾ ದುರ್ಬಲವಾಗಿತ್ತು. ಮಳೆಯನ್ನು ಮೊದಲೇ ಹೇಳುವ ದಾರಿಗಾಗಿ ನಡೆಸಿದ ದೊಡ್ಡ ಹುಡುಕಾಟದಲ್ಲೇ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ಗಾಳಿಯೊತ್ತಡ ತಕ್ಕಡಿಯಂತೆ ಏರಿಳಿಯುವುದನ್ನು ಅವರು ಗುರುತಿಸಿದರು. ಇಂದಿನ ಎಲ್ ನಿನೊ ಮುನ್ಸೂಚನೆಯ ಬೇರು ಅಲ್ಲಿದೆ.

ಕಲೆಗಳು ಹೆಚ್ಚಲಿ ತಗ್ಗಲಿ, ಸೂರ್ಯನಿಂದ ನಮಗೆ ಬರುವ ಒಟ್ಟು ಶಕ್ತಿ ಬದಲಾಗುವುದು ಸುಮಾರು ಶೇ. 0.1ರಷ್ಟು. ಮಿರ್ಲೆಯ ಚಳಿಯನ್ನು ಹೆಚ್ಚಾಗಿ ತೀರ್ಮಾನಿಸುವುದು ಮೋಡ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಮುಸುಕಿದರೆ ನೆಲದ ಕಾವು ಉಳಿಯುತ್ತದೆ. ಬಾನು ತಿಳಿಯಾಗಿ ಗಾಳಿ ನಿಂತರೆ ಬೆಳಗಿನ ಜಾವ ಕೊರೆಯುತ್ತದೆ. ಇದನ್ನು ತಿಂಗಳುಗಳ ಮೊದಲೇ ಹೇಳುವುದು ಕಷ್ಟ.

ಕಲೆ ಎಣಿಸುವ ಹವ್ಯಾಸ ಮಾತ್ರ ಬಿಡಬೇಡಿ. ಸೂರ್ಯನನ್ನು ನೇರವಾಗಿ ನೋಡದೆ, ಪುಟ್ಟ ದೂರದರ್ಶಕದಿಂದ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಎಣಿಸಿ. ಪಕ್ಕದಲ್ಲೇ ಆ ದಿನದ ಕನಿಷ್ಠ ಉಷ್ಣಾಂಶವನ್ನೂ ಮೋಡವನ್ನೂ ಬರೆದಿಡಿ.