ಹಸುಗೂಸಿನ ತೊಡೆಸಂದಿನ ಕೆಂಪು ದದ್ದು: ಅಹಿಪೂತನ

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಆ ದಿನಗಳಲ್ಲಿ ನಮ್ಮಲ್ಲಿಗೆ ಕೂಸುಗಳನ್ನು ಎತ್ತಿಕೊಂಡು ಬರುವ ತಾಯಂದಿರ ದೂರು ಬಹುಮಟ್ಟಿಗೆ ಒಂದೇ: "ಉಚ್ಚಿ ಹೊಯ್ದ ಕೂಡ್ಲೇ ಚೀರ್ತದರೀ." ಬಟ್ಟೆ ಬಿಚ್ಚಿ ನೋಡಿದರೆ ತೊಡೆಯ ಸಂದು, ಪೃಷ್ಠಭಾಗಗಳು ಕೆಂಪೇರಿ ಸುಟ್ಟಂತಾಗಿರುತ್ತವೆ. ಮನೆಯ ಹಿರಿಯರು ಇದನ್ನು 'ಉಷ್ಣ' ಎನ್ನುತ್ತಾರೆ, ಕೆಲವರು ದೃಷ್ಟಿ ತಾಗಿದೆಯೆಂದು ನಿವಾಳಿಸುತ್ತಾರೆ. ಅಷ್ಟರಲ್ಲಿ ಎರಡು-ಮೂರು ದಿನ ಕಳೆದು ಚರ್ಮ ಕಿತ್ತುಬಂದಿರುತ್ತದೆ.

ಇದು ಹೊಸ ರೋಗವಲ್ಲ. ಸುಶ್ರುತಾಚಾರ್ಯರು ಕ್ಷುದ್ರರೋಗಗಳ ಸಾಲಿನಲ್ಲಿ ಇದನ್ನು 'ಅಹಿಪೂತನ' ಎಂದು ವರ್ಣಿಸಿದ್ದಾರೆ. ಮಲಮೂತ್ರ ಅಂಟಿದ ಭಾಗವನ್ನು ತೊಳೆಯದೆ ಬಿಡುವುದು, ಬೆವರಿದ ಕೂಸಿಗೆ ಸ್ನಾನ ಮಾಡಿಸದಿರುವುದು ಇದಕ್ಕೆ ಕಾರಣ. ರಕ್ತ-ಕಫಗಳು ಕೆರಳಿ ತುರಿಕೆ ಹುಟ್ಟುತ್ತದೆ, ತುರಿಸಿದಲ್ಲಿ ಗುಳ್ಳೆಗಳೆದ್ದು ರಸ ಸೋರುತ್ತದೆ ಎಂಬುದು ಅವರ ವಿವರಣೆ. ಡೈಪರ್ ಎಂಬ ವಸ್ತುವೇ ಇಲ್ಲದ ಕಾಲದ ಈ ಮಾತಿಗೂ ಇಂದಿನ ವೈದ್ಯಶಾಸ್ತ್ರದ ಮಾತಿಗೂ ಹೆಚ್ಚು ದೂರವಿಲ್ಲ. ಮೂತ್ರ ಮತ್ತು ಮಲ ಒಂದೆಡೆ ಸೇರಿ ನಿಂತಾಗ ಅಮೋನಿಯಾ ಉಂಟಾಗಿ ಚರ್ಮದ ಸಹಜ ಆಮ್ಲಗುಣ ಕುಂದುತ್ತದೆ; ಆಗ ಮಲದಲ್ಲಿರುವ ಜೀರ್ಣಕಾರಕ ದ್ರವ್ಯಗಳು ನೆನೆದು ಮೆತ್ತಗಾದ ಎಳೆಯ ಚರ್ಮವನ್ನೇ ಕೊರೆಯತೊಡಗುತ್ತವೆ. ಬರೀ ತಾಯಿಹಾಲು ಕುಡಿಯುವ ಕೂಸುಗಳಲ್ಲಿ ಈ ತೊಂದರೆ ಕಡಿಮೆ. ಒಂಬತ್ತು ತಿಂಗಳಿಂದ ವರ್ಷದೊಳಗೆ, ಅನ್ನ-ಗಂಜಿ ರೂಢಿಯಾಗುವಾಗ ಹೆಚ್ಚು. ಭೇದಿಯಾದರಂತೂ ಒಂದೇ ದಿನದಲ್ಲಿ ಕಾಣಿಸಿಕೊಳ್ಳುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಭತ್ತದ ನಾಟಿ ಆರಂಭವಾಗುತ್ತದೆ. ತಾಯಿ ಗದ್ದೆಗೆ ಹೋದರೆ ಕೂಸು ಅಜ್ಜಿಯ ಬಳಿಯೋ ಏಳೆಂಟು ವರ್ಷದ ಅಕ್ಕನ ಬಳಿಯೋ ಉಳಿಯುತ್ತದೆ. ಮುಂಜಾನೆ ತೊಡಿಸಿದ ಡೈಪರನ್ನು ಸಂಜೆ ತಾಯಿಯೇ ಬಂದು ಬಿಚ್ಚಬೇಕು. ಬೆಲೆ ತೆತ್ತು ತಂದ ವಸ್ತು, ತುಂಬುವವರೆಗೆ ಇರಲಿ ಎಂಬ ಲೆಕ್ಕವೂ ಇರುತ್ತದೆ. ಈ ಲೆಕ್ಕವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದ್ದರಿಂದಲೇ ಬಡವರ ಮನೆಗೆ ನಾವು ಹೇಳುವುದು ಹಳೆಯ ಹತ್ತಿಸೀರೆಯ, ಧೋತರದ ಮೆತ್ತನೆಯ ತುಂಡುಗಳನ್ನೇ. ಒದ್ದೆಯಾದೊಡನೆ ಅದು ಕಣ್ಣಿಗೆ ಕಾಣುತ್ತದೆ, ಬದಲಿಸಲು ದುಡ್ಡು ಬೇಡ. ಆದರೆ ಅದರ ಮೇಲೆ ಪ್ಲಾಸ್ಟಿಕ್ ಚಡ್ಡಿ ತೊಡಿಸಿದರೆ ಎಲ್ಲವೂ ವ್ಯರ್ಥ. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಸೋಪಿನ ಅಂಶ ಬಟ್ಟೆಯಲ್ಲೇ ಉಳಿಯುತ್ತದೆ; ಎರಡು-ಮೂರು ಬಾರಿ ಹಿಂಡಿ ತೆಗೆದು ಬಿಸಿಲಿನಲ್ಲಿ ಒಣಗಿಸಬೇಕು. ಡೈಪರ್ ಬಳಸುವವರು ಮಲವಾದೊಡನೆಯೂ, ಇಲ್ಲವಾದರೆ ಎರಡು-ಮೂರು ತಾಸಿಗೊಮ್ಮೆಯೂ ಬದಲಿಸಲಿ.

ಚಿಕಿತ್ಸೆಯಲ್ಲಿ ಮೊದಲ ಔಷಧ ಗಾಳಿ. ದಿನಕ್ಕೆ ಮೂರು-ನಾಲ್ಕು ಬಾರಿ ಅರ್ಧ ತಾಸು ಕೂಸನ್ನು ಒಣ ಬಟ್ಟೆಯ ಮೇಲೆ ಬರಿಮೈಯಲ್ಲಿ ಮಲಗಿಸಬೇಕು. ಸೋಪು ಬೇಡ, ಕಾಯಿಸಿ ಆರಿಸಿದ ನೀರಿನಿಂದ ತೊಳೆದು, ಉಜ್ಜದೆ, ಮೆತ್ತಗೆ ಒತ್ತಿ ಒರೆಸಬೇಕು. ಹೆಣ್ಣುಕೂಸನ್ನು ಮುಂದಿನಿಂದ ಹಿಂದಕ್ಕೆ ಒರೆಸುವುದನ್ನು ಮರೆಯಬಾರದು. ಚರ್ಮ ಒಡೆದಿರದಿದ್ದರೆ ಒಂದು ಚಮಚ ತ್ರಿಫಲಾ ಚೂರ್ಣವನ್ನು ಎರಡು ಲೋಟ ನೀರಿನಲ್ಲಿ ಅರ್ಧಕ್ಕಿಳಿಯುವಂತೆ ಕುದಿಸಿ, ಎರಡು ಬಾರಿ ಸೋಸಿ, ಆರಿಸಿ ತೊಳೆಯಲು ಬಳಸಬಹುದು. ಅಂದಿನದು ಅಂದಿಗೇ ಮುಗಿಯಬೇಕು. ಒಣಗಿದ ಮೇಲೆ ಶತಧೌತ ಘೃತವನ್ನು, ಅಂದರೆ ನೂರು ಬಾರಿ ನೀರಿನಲ್ಲಿ ತೊಳೆದ ತುಪ್ಪವನ್ನು ತೆಳುವಾಗಿ ಲೇಪಿಸಬೇಕು. ಅದು ಸಿಗದಿದ್ದರೆ ಜಿಂಕ್ ಆಕ್ಸೈಡ್ ಮುಲಾಮೂ ಒಳ್ಳೆಯದೇ. ಆಯುರ್ವೇದ ವೈದ್ಯರು ಅಲೋಪತಿಯ ಮುಲಾಮು ಹೇಳುವರೇ ಎಂದು ಕೇಳುವವರುಂಟು. ಚರ್ಮಕ್ಕೂ ತೇವಕ್ಕೂ ನಡುವೆ ಒಂದು ಗೋಡೆ ಬೇಕು, ಅಷ್ಟೇ.

ಅಹಿಪೂತನಕ್ಕೆ ಗ್ರಂಥಗಳಲ್ಲಿ ಮೈಲುತುತ್ತ, ಹರಿತಾಳ ಸೇರಿದ ಲೇಪವೂ ಉಂಟು. ಅವು ವಿಷದ್ರವ್ಯಗಳು; ಯಾರಾದರೂ ಶಾಸ್ತ್ರದಲ್ಲಿದೆ ಎಂದು ಕೊಟ್ಟರೂ ಕೂಸಿಗೆ ಹಚ್ಚಬೇಡಿರಿ. ಸುಣ್ಣ ಬೆರೆಸಿದ ಅರಿಸಿನವೂ ಬೇಡ. ಪೌಡರಿನ ಧೂಳು ಕೂಸಿನ ಉಸಿರಿನೊಳಗೆ ಸೇರುವುದರಿಂದ ಅದೂ ಬೇಡ.

ನಮಗೆ ಹೆಚ್ಚಿನ ಆತಂಕ ತರುವುದು ಇನ್ನೊಂದು. ಹುಳಕಡ್ಡಿಗೆಂದು ದೊಡ್ಡವರು ತಂದಿಟ್ಟ, ಮೂರು-ನಾಲ್ಕು ಔಷಧ ಬೆರೆತ ಟ್ಯೂಬನ್ನೇ ಕೂಸಿಗೂ ಹಚ್ಚುತ್ತಾರೆ. ಅಂಥವುಗಳಲ್ಲಿ ಅನೇಕವು ತೀಕ್ಷ್ಣವಾದ ಸ್ಟಿರಾಯ್ಡ್ ಹೊಂದಿರುತ್ತವೆ. ಎರಡು ದಿನದಲ್ಲಿ ಕೆಂಪು ಇಳಿಯುವುದರಿಂದ ನಂಬಿಕೆ ಬೆಳೆಯುತ್ತದೆ. ಆದರೆ ಡೈಪರಿನ ಬಿಗಿಯಲ್ಲಿ ಔಷಧ ಹೆಚ್ಚಾಗಿ ಮೈಗಿಳಿದು ಚರ್ಮ ತೆಳುವಾಗುತ್ತದೆ, ಒಳಗಿನ ಶಿಲೀಂಧ್ರ ಇನ್ನಷ್ಟು ಹರಡುತ್ತದೆ. ಮಡಿಕೆಗಳ ಒಳಗೂ ಕಡುಗೆಂಪಾಗಿ, ಸುತ್ತಲೂ ಸಾಸಿವೆಯಂಥ ಚುಕ್ಕೆಗಳು ಚದುರಿದ್ದರೆ, ಬಾಯಲ್ಲಿ ಉಜ್ಜಿದರೂ ಹೋಗದ ಬಿಳಿ ಪೊರೆಯಿದ್ದರೆ ಅದು ಶಿಲೀಂಧ್ರದ ಸೋಂಕಿನ ಲಕ್ಷಣ. ಅದಕ್ಕೆ ತುಪ್ಪ ಸಾಲದು. ವೈದ್ಯರು ಬರೆದುಕೊಟ್ಟ ಮುಲಾಮೇ ಬೇಕು.

ಬಾಣಂತಿಯ ಹಾಲನ್ನು ಶುದ್ಧಿಗೊಳಿಸಬೇಕೆಂದು ಸುಶ್ರುತರು ಹೇಳಿದ್ದಾರೆ. ಇದನ್ನೇ ಹಿಡಿದು ತಾಯಿಗೆ ಕಾಯಿಪಲ್ಯ ಬಿಡಿಸಿ, ಬರೀ ನುಚ್ಚಿನ ಮೇಲೆ ಇಡುವುದನ್ನು ನಾವು ಒಪ್ಪುವುದಿಲ್ಲ. ಆಕೆ ಹೊಟ್ಟೆತುಂಬ ಉಣ್ಣಲಿ, ಹಾಲೂಡಿಸುವುದನ್ನು ನಿಲ್ಲಿಸದಿರಲಿ. ಕೂಸಿಗೆ ಭೇದಿಯಿದ್ದರೆ ಓಆರ್‌ಎಸ್ ದ್ರಾವಣ ಕೊಡಬೇಕು. ಅದು ಅಂಗನವಾಡಿ, ಆಶಾ ಕಾರ್ಯಕರ್ತೆಯರ ಬಳಿ ದೊರೆಯುತ್ತದೆ.

ಮೂರು ದಿನಕ್ಕೆ ಇಳಿಯದಿದ್ದರೆ, ಕೀವು, ರಕ್ತ, ನೀರುಗುಳ್ಳೆ, ಜ್ವರ ಕಂಡರೆ, ಕೂಸು ಹಾಲು ಬಿಟ್ಟು ಮಂಕಾದರೆ ಮನೆಮದ್ದನ್ನು ಅಲ್ಲಿಗೇ ನಿಲ್ಲಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ತಿಂಗಳು ತುಂಬದ ಕೂಸಾದರೆ ಮೂರು ದಿನ ಕಾಯುವುದೂ ಬೇಡ. ಹಚ್ಚಿದ ಟ್ಯೂಬು ಯಾವುದೇ ಇರಲಿ, ಅದನ್ನು ಜೊತೆಗೊಯ್ದು ವೈದ್ಯರಿಗೆ ತೋರಿಸಿರಿ.